ಅಳೆದು ಬಡಿಸುವ ಪಥ್ಯ: ಪಿಕೆಯು ಮಗುವಿರುವ ಅಡುಗೆಮನೆಗೆ

ಪಥ್ಯ ಅಂದರೆ ನಮಗೆ ಗೊತ್ತಿರುವುದು ಬಾಣಂತಿ ಪಥ್ಯ, ಕಾಮಾಲೆ ಪಥ್ಯ. ಒಂದಷ್ಟು ದಿನ ನಾಲ್ಕು ಪದಾರ್ಥ ಬಿಟ್ಟು, ಆಮೇಲೆ ಎಂದಿನಂತೆ ಉಣ್ಣುವುದು. ತಿಂದದ್ದನ್ನು ಮೈ ಒಡೆದು ಬಳಸಿಕೊಳ್ಳುವುದರಲ್ಲೇ ಹುಟ್ಟಿನಿಂದ ದೋಷವಿರುವ ಚಯಾಪಚಯ (ಮೆಟಬಾಲಿಕ್) ಕಾಯಿಲೆಗಳ ಪಥ್ಯಕ್ಕೆ ಮುಗಿಯುವ ದಿನವೇ ಇಲ್ಲ. ಅದರಲ್ಲಿ ಬಿಡುವುದಕ್ಕಿಂತ ಅಳೆಯುವ ಕೆಲಸ ಹೆಚ್ಚು. ಇದು ಅರ್ಥವಾಗಲು ನನಗೆ ಸುಮಾರು ಒಂದು ವರ್ಷ ಹಿಡಿಯಿತು. ಮೊದಲ ತಿಂಗಳುಗಳಲ್ಲಿ ಹೆದರಿ ಎಲ್ಲವನ್ನೂ ಬಿಡಿಸಿದೆ, ಮಗಳು ತೂಕ ಕಳೆದುಕೊಂಡಳು. ರಕ್ತದ ವರದಿಯೂ ಕೆಟ್ಟಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅವಳಿಗೆ ಈಗ ಏಳು ವರ್ಷ. ಕಾಯಿಲೆ ಫಿನೈಲ್‌ಕೀಟೋನೂರಿಯಾ, ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಪಿಕೆಯು. ಬೇಳೆ, ಹಾಲು, ಅಕ್ಕಿ, ಮೊಟ್ಟೆ ಯಾವುದನ್ನು ತಿಂದರೂ ಅದರ ಪ್ರೋಟೀನ್‌ನಲ್ಲಿ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲ ಇರುತ್ತದೆ. ನಮ್ಮ ಯಕೃತ್ತಿನಲ್ಲಿರುವ ಒಂದು ಕಿಣ್ವ ಅದನ್ನು ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವಾಗಿ ಬದಲಾಯಿಸುತ್ತದೆ. ಪಿಕೆಯು ಇರುವವರಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ, ಅಥವಾ ತೀರಾ ಕಡಿಮೆ ಮಾಡುತ್ತದೆ. ಫಿನೈಲ್‌ಅಲನೀನ್ ರಕ್ತದಲ್ಲಿ ಏರುತ್ತಾ ಹೋಗಿ ಬೆಳೆಯುವ ಮೆದುಳಿಗೆ ಪೆಟ್ಟು ಕೊಡುತ್ತದೆ. ಹುಟ್ಟಿದ ಮೊದಲ ವಾರಗಳಲ್ಲೇ ಪಥ್ಯ ಶುರುವಾದರೆ ಆ ಪೆಟ್ಟನ್ನು ಬಹುಮಟ್ಟಿಗೆ ತಪ್ಪಿಸಬಹುದು. ಔಷಧಿಗಿಂತ ಮೊದಲು ಊಟವೇ ಚಿಕಿತ್ಸೆಯಾಗುವ ಕಾಯಿಲೆ ಇದು.

ಮೊದಲು ಕಾಯಿಲೆಯ ಪೂರ್ತಿ ಹೆಸರು

ಮೆಟಬಾಲಿಕ್ ಕಾಯಿಲೆ ಅಂತಷ್ಟೇ ಕೇಳಿಕೊಂಡು ಮನೆಗೆ ಬರಬೇಡಿ. ಇವೆಲ್ಲಕ್ಕೂ ಹೊಂದುವ ಒಂದು ಪಥ್ಯವಿಲ್ಲ. ಪಿಕೆಯು ಮಗುವಿಗೆ ಒಂದು ಲೋಟ ಪಾನಕ ಕೊಟ್ಟರೆ ತೊಂದರೆಯಿಲ್ಲ. ಅನುವಂಶಿಕ ಫ್ರಕ್ಟೋಸ್ ಅಸಹಿಷ್ಣುತೆ ಇರುವ ಮಗುವಿಗೆ ಅದೇ ಪಾನಕ ಯಕೃತ್ತನ್ನು ಕೆಡಿಸುತ್ತದೆ. ಪಿಕೆಯು ಇರುವ ಕೂಸಿಗೆ ತಾಯಿಹಾಲನ್ನು ಮಿತಿಯಲ್ಲಿ ಕುಡಿಸಬಹುದು, ಕುಡಿಸುವುದು ಒಳ್ಳೆಯದೂ ಹೌದು. ಹಾಲಿನ ಸಕ್ಕರೆಯನ್ನು ಮೈ ಬಳಸಿಕೊಳ್ಳಲಾಗದ ಗ್ಯಾಲಕ್ಟೋಸೀಮಿಯಾ ಇರುವ ಕೂಸಿಗೆ ತಾಯಿಹಾಲನ್ನೂ ನಿಲ್ಲಿಸಬೇಕಾಗುತ್ತದೆ. ಕೆಲವು ಬಗೆಯ ಗ್ಲೈಕೋಜನ್ (ಮೈ ಕೂಡಿಟ್ಟುಕೊಳ್ಳುವ ಸಕ್ಕರೆ) ಕಾಯಿಲೆಗಳಲ್ಲಿ ಪ್ರೋಟೀನ್ ಕಡಿಮೆ ಮಾಡುವ ಮಾತೇ ಬರುವುದಿಲ್ಲ, ರಾತ್ರಿಯಿಡೀ ರಕ್ತದ ಸಕ್ಕರೆ ಇಳಿಯದಂತೆ ಬೇಯಿಸದ ಕಾರ್ನ್‌ಫ್ಲೋರ್ ಕುಡಿಸುತ್ತಾರೆ. ಆದ್ದರಿಂದ ಪಕ್ಕದ ಬೆಡ್ಡಿನ ಮಗುವಿನ ಚೀಟಿ ನೋಡಿ ಅಡುಗೆ ಮಾಡಬೇಡಿ. ಈ ಲೇಖನವನ್ನೂ ಹಾಗೆ ಬಳಸಬೇಡಿ: ಇಲ್ಲಿರುವ ಅಂಕಿಗಳು ಪಿಕೆಯುಗೆ, ಅದರಲ್ಲೂ ಉದಾಹರಣೆಗೆ ಮಾತ್ರ.

ಹೆಸರು ಪಿಕೆಯು ಎಂದೇ ಬಂದರೂ ಇನ್ನೊಂದು ಪ್ರಶ್ನೆ ಕೇಳಿ: ‘ಬಿಎಚ್4 ಪರೀಕ್ಷೆ ಆಗಿದೆಯಾ, ಡಾಕ್ಟ್ರೇ?’ ಆ ಕಿಣ್ವಕ್ಕೆ ಬಿಎಚ್4 ಎಂಬ ಸಹಾಯಕ ಬೇಕು. ಕೆಲವು ಮಕ್ಕಳಲ್ಲಿ ಕೊರತೆ ಇರುವುದು ಈ ಸಹಾಯಕದ್ದು. ಅವರಿಗೆ ಪಥ್ಯವೊಂದೇ ಸಾಲದು, ಬೇರೆ ಔಷಧಿಗಳೂ ಬೇಕು. ಇನ್ನು ಕೆಲವು ಪಿಕೆಯು ಮಕ್ಕಳಿಗೆ ಸ್ಯಾಪ್ರೊಪ್ಟೆರಿನ್ ಎಂಬ ಮಾತ್ರೆ ಕೊಟ್ಟರೆ ರಕ್ತದ ಮಟ್ಟ ಇಳಿದು, ಊಟದ ಮಿತಿ ಸ್ವಲ್ಪ ಸಡಿಲವಾಗುತ್ತದೆ.

ವಾಸನೆಯ ಬಗ್ಗೆ ಒಂದು ಮಾತು. ಮೇಪಲ್ ಸಿರಪ್ ಯೂರಿನ್ ಡಿಸೀಸ್ ಎಂಬ ಇನ್ನೊಂದು ಕಾಯಿಲೆಯಲ್ಲಿ ಮಗುವಿನ ಮೂತ್ರ ಸುಟ್ಟ ಸಕ್ಕರೆಯಂತೆ ಸಿಹಿಯಾಗಿ ನಾರುತ್ತದೆ. ಆ ವಾಸನೆ ಕೊಡುವ ಸೊಟೊಲೋನ್ ಎಂಬ ರಾಸಾಯನಿಕ ಮೆಂತ್ಯದಲ್ಲೂ ಇದೆ. ತಾಯಿ ಮೆಂತ್ಯ ತಿಂದಿದ್ದಕ್ಕೇ ಕೂಸಿನ ಮೈ ಹಾಗೆ ನಾರಿ, ಡಾಕ್ಟರುಗಳು ಗಾಬರಿಯಾದ ಪ್ರಸಂಗಗಳು ದಾಖಲಾಗಿವೆ. ಬಾಣಂತಿಗೆ ಮೆಂತ್ಯ ತಿನ್ನಿಸುವ ನಾಡಿನವರು ನಾವು, ಅದನ್ನು ಡಾಕ್ಟರಿಗೆ ಹೇಳಿಬಿಡಿ. ಆದರೆ ಕೂಸು ಹಾಲು ಕುಡಿಯದೆ ಮಂಕಾಗಿದ್ದರೆ ‘ಮೆಂತ್ಯದ್ದೇ ಇರಬೇಕು’ ಅಂತ ಮನೆಯಲ್ಲಿ ಕೂರಬೇಡಿ.

ಕ್ಲಿನಿಕ್‌ನಿಂದ ಬರೆಸಿಕೊಳ್ಳಬೇಕಾದ ಮೂರು ಅಂಕಿ

ಮೊದಲನೆಯದು, ದಿನಕ್ಕೆ ಊಟದಿಂದ ಎಷ್ಟು ಫಿನೈಲ್‌ಅಲನೀನ್ ಹೋಗಬಹುದು ಎಂಬುದು. ಕ್ಲಿನಿಕ್‌ನಲ್ಲಿ ಚಿಕ್ಕದಾಗಿ ‘ಫಿ’ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಲೆಕ್ಕಕ್ಕೆ ಸುಲಭ ಸೂತ್ರ: 1 ಗ್ರಾಂ ಪ್ರೋಟೀನ್‌ನಲ್ಲಿ ಸುಮಾರು 50 ಮಿಲಿಗ್ರಾಂ ಫಿ. ಮಗುವಿಗೆ 300 ಮಿಲಿಗ್ರಾಂ ಬರೆದುಕೊಟ್ಟಿದ್ದರೆ 6 ಗ್ರಾಂ ಪ್ರೋಟೀನ್ ಅಂತ ಓದಿಕೊಳ್ಳಿ.

ಎರಡನೆಯದು, ವಿಶೇಷ ಫಾರ್ಮುಲಾ ಪುಡಿ ದಿನಕ್ಕೆ ಎಷ್ಟು ಗ್ರಾಂ, ಎಷ್ಟು ನೀರಿಗೆ. ಮೂರನೆಯದು, ರಕ್ತದಲ್ಲಿ ಫಿ ಎಷ್ಟಿರಬೇಕು. ಸಾಮಾನ್ಯವಾಗಿ ಮಕ್ಕಳಿಗೆ ಇಟ್ಟುಕೊಳ್ಳುವ ಗುರಿ ಲೀಟರಿಗೆ 120ರಿಂದ 360 ಮೈಕ್ರೋಮೋಲ್. ನಮ್ಮ ಲ್ಯಾಬುಗಳಲ್ಲಿ ಕೆಲವರು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಕೊಡುತ್ತಾರೆ. ಆಗ ಅದೇ ಗುರಿ 2ರಿಂದ 6 ಆಗುತ್ತದೆ. ವರದಿ ಕೈಗೆ ಬಂದ ಕೂಡಲೇ ಅಂಕಿಗಿಂತ ಮೊದಲು ಅದರ ಪಕ್ಕದ ಅಳತೆ ನೋಡಿ. ಲ್ಯಾಬ್ ಬದಲಾಯಿಸಿದಾಗ ‘5’ ನೋಡಿ ನಾನು ಕುಣಿದಾಡಿದ್ದೂ ಇದೆ, ‘300’ ನೋಡಿ ಅತ್ತಿದ್ದೂ ಇದೆ. ಎರಡೂ ಹೆಚ್ಚುಕಡಿಮೆ ಒಂದೇ.

120ಕ್ಕಿಂತ ಕೆಳಗೆ ಇಳಿದರೂ ತೊಂದರೆ. ಫಿ ವಿಷವಲ್ಲ, ಮೈ ಬೆಳೆಯಲು ಬೇಕೇ ಬೇಕಾದ, ಊಟದಿಂದಲೇ ಬರಬೇಕಾದ ಅಂಶ. ಅದು ಸಾಲದೆ ಬಂದರೆ ಬೆಳವಣಿಗೆ ನಿಲ್ಲುತ್ತದೆ, ಚರ್ಮದ ಮೇಲೆ ಗುಳ್ಳೆ ಏಳುತ್ತದೆ. ಜತೆಗೆ ಹೊಟ್ಟೆಗೆ ಒಟ್ಟು ಅನ್ನವೇ ಸಾಲದಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಆ ಮಾಂಸಖಂಡದೊಳಗಿನ ಫಿ ರಕ್ತಕ್ಕೆ ಸುರಿಯುತ್ತದೆ. ಮೊದಲ ವರ್ಷ ನಾನು ಎಲ್ಲ ಬಿಡಿಸಿದಾಗ ಆದದ್ದು ಇದೇ.

ಫಾರ್ಮುಲಾ

ಇದನ್ನು ಟಾನಿಕ್ ಅಂದುಕೊಳ್ಳುವ ತಪ್ಪು ಮಾಡಬೇಡಿ. ಮಗುವಿನ ನಿಜವಾದ ಊಟ ಇದೇ, ತಟ್ಟೆಯಲ್ಲಿರುವುದು ಜತೆಗಷ್ಟೆ. ಫಿ ಒಂದನ್ನು ಬಿಟ್ಟು ಉಳಿದ ಅಮೈನೋ ಆಮ್ಲಗಳು, ಹೆಚ್ಚುವರಿ ಟೈರೋಸಿನ್, ಜೀವಸತ್ವ, ಖನಿಜ ಎಲ್ಲ ಇದರಲ್ಲಿರುತ್ತವೆ. ಹಾಲು, ಮೊಟ್ಟೆ ಇಲ್ಲದ ಮಗು ಫಾರ್ಮುಲಾವನ್ನೂ ಬಿಟ್ಟರೆ ಬಿ12, ಕಬ್ಬಿಣ ಎಲ್ಲ ಕುಸಿಯುತ್ತದೆ.

ಇದರ ಚರಿತ್ರೆ ಒಬ್ಬ ತಾಯಿಯ ಹಟದಿಂದ ಶುರುವಾಗುತ್ತದೆ. ಕಾಯಿಲೆಯನ್ನು ಮೊದಲು ಗುರುತಿಸಿದವರು ನಾರ್ವೆಯ ಆಸ್‌ಬ್ಯೋರ್ನ್ ಫೊಲಿಂಗ್, 1934ರಲ್ಲಿ. ಅದಾಗಿ ಹದಿನೇಳು ಹದಿನೆಂಟು ವರ್ಷ ಚಿಕಿತ್ಸೆಯೇ ಇರಲಿಲ್ಲ. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರ್ಸ್ಟ್ ಬಿಕೆಲ್ ಎಂಬ ವೈದ್ಯರ ಬಳಿ ಒಬ್ಬ ತಾಯಿ ತನ್ನ ಪುಟ್ಟ ಮಗಳಿಗೆ ಏನಾದರೂ ಮಾಡಿ ಅಂತ ಬಿಡದೆ ಬೆನ್ನುಹತ್ತಿದಳು. ಬಿಕೆಲ್ ಮತ್ತು ಸಂಗಡಿಗರು ಹಾಲಿನ ಪ್ರೋಟೀನನ್ನು ಒಡೆದು, ಇದ್ದಿಲಿನ ಮೂಲಕ ಸೋಸಿ ಫಿ ತೆಗೆದು ಆ ಮಗುವಿಗೆ ಕೊಟ್ಟರು. ನಿಲ್ಲಲಾಗದಿದ್ದ ಮಗು ತೆವಳಿತು, ನಿಂತಿತು. ಆಮೇಲೆ ತಾಯಿಗೆ ಹೇಳದೆ ಫಿ ಮತ್ತೆ ಬೆರೆಸಿ ನೋಡಿದರು; ಒಂದೇ ದಿನದೊಳಗೆ ಮಗು ಹಿಂದಕ್ಕೆ ಜಾರಿದ್ದನ್ನು ತಾಯಿ ಕಂಡುಹಿಡಿದಳು. ಈಗಿನ ಡಬ್ಬಿಗಳ ಪೂರ್ವಜ ಆ ಇದ್ದಿಲ ಸೋಸು.

ಕುಡಿಸುವ ಬಗೆ ಹೀಗೆ. ದಿನದ ಪಾಲನ್ನು ಮೂರು ಅಥವಾ ನಾಲ್ಕು ಭಾಗ ಮಾಡಿ, ಪ್ರತಿ ಊಟದ ಜತೆ ಒಂದೊಂದು. ಒಂದೇ ಸಲ ಕುಡಿಸಿದರೆ ಅಮೈನೋ ಆಮ್ಲಗಳು ಸರಿಯಾಗಿ ಬಳಕೆಯಾಗುವುದಿಲ್ಲ. ಕುದಿಯುವ ನೀರು ಬೇಡ. ಬರೆದುಕೊಟ್ಟಷ್ಟೇ ನೀರು ಹಾಕಿ. ಗಟ್ಟಿಯಾದರೆ ಹೊಟ್ಟೆನೋವು, ಭೇದಿ. ವಾಸನೆ ಕೆಟ್ಟದಾಗಿರುತ್ತದೆ, ಸುಳ್ಳು ಹೇಳುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಮುಚ್ಚಳವಿರುವ ಲೋಟಕ್ಕೆ ಸ್ಟ್ರಾ ಹಾಕಿ ಕೊಟ್ಟರೆ ಮೂಗಿಗೆ ಕಡಿಮೆ ತಾಗುತ್ತದೆ. ಮುಖ್ಯವಾಗಿ, ಮಗುವಿನ ಎದುರು ನೀವು ಮುಖ ಕಿವುಚಬೇಡಿ. ಅವಳಿಗೆ ಅದರ ರುಚಿ ಕೆಟ್ಟದು ಅಂತ ಕಲಿಸಿದ್ದು ಮನೆಗೆ ಬಂದ ನೆಂಟರೊಬ್ಬರು.

ಎದೆಹಾಲು ಕುಡಿಯುವ ಕೂಸಾದರೆ ಮೊದಲು ಅಳೆದ ಫಿ ರಹಿತ ಫಾರ್ಮುಲಾ, ಆಮೇಲೆ ಹೊಟ್ಟೆ ತುಂಬುವಷ್ಟು ಎದೆಹಾಲು ಎಂಬ ಕ್ರಮವನ್ನು ಅನೇಕ ಕಡೆ ಹೇಳಿಕೊಡುತ್ತಾರೆ. ಎದೆಹಾಲಿನಲ್ಲಿ 100 ಮಿಲಿಗೆ ಪ್ರೋಟೀನ್ 1 ಗ್ರಾಂ ಚಿಲ್ಲರೆ. ಹಸುವಿನ ಹಾಲಿನಲ್ಲಿ ಅದರ ಮೂರರಷ್ಟು.

ತಕ್ಕಡಿ

1 ಗ್ರಾಂವರೆಗೆ ತೋರಿಸುವ ಡಿಜಿಟಲ್ ಅಡುಗೆ ತಕ್ಕಡಿ ಕೊಳ್ಳಿ. ಚಮಚ, ಹಿಡಿ, ಪಾವು, ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಒಂದು ಹಿಡಿ ಅಕ್ಕಿ ನನ್ನ ಕೈಯಲ್ಲಿ 30 ಗ್ರಾಂ, ನನ್ನ ಗಂಡನ ಕೈಯಲ್ಲಿ 45.

ಆಹಾರ ಪದಾರ್ಥಗಳ ಪಟ್ಟಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆ ಕೋಷ್ಟಕಗಳನ್ನು ನೋಡಿ. ವಿದೇಶಿ ಆ್ಯಪ್‌ಗಳಲ್ಲಿ ಸೀಮೆಬದನೆ, ಹೀರೆಕಾಯಿ ಹುಡುಕುತ್ತಾ ಕೂರುವುದಕ್ಕಿಂತ ಇದು ವಾಸಿ. ದಿನಬಳಕೆಗೆ ದುಂಡು ಅಂಕಿ ಸಾಕು. 100 ಗ್ರಾಂ ಅಕ್ಕಿಯಲ್ಲಿ ಪ್ರೋಟೀನ್ ಹತ್ತಿರ ಹತ್ತಿರ 8 ಗ್ರಾಂ, ರಾಗಿಹಿಟ್ಟಿನಲ್ಲಿ 7, ಗೋಧಿಹಿಟ್ಟಿನಲ್ಲಿ 10ರ ಮೇಲೆ, ತೊಗರಿಬೇಳೆಯಲ್ಲಿ 22ರ ಆಸುಪಾಸು. 100 ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆ ತಿಂದರೆ 6 ಗ್ರಾಂ ಮಿತಿಯ ಮಗುವಿನ ಇಡೀ ದಿನದ ಪಾಲು ಮುಗಿದು ಇನ್ನೊಂದು ಗ್ರಾಂ ಸಾಲವಾಗುತ್ತದೆ. 200 ಮಿಲಿ ಹಸುವಿನ ಹಾಲೂ ಅಷ್ಟೆ. ಉದ್ದು ಸೇರಿರುವುದರಿಂದ ಒಂದು ಇಡ್ಲಿಗೆ ಸುಮಾರು 2 ಗ್ರಾಂ. ಬೇಳೆ, ಕಾಳು, ಕಡಲೆಕಾಯಿ, ಮೊಟ್ಟೆ, ಮೀನು, ಮಾಂಸ, ಪನೀರ್, ಮೊಸರು ಇವನ್ನು ಲೆಕ್ಕ ಹಾಕುವ ಶ್ರಮವೇ ಬೇಡ, ಬಿಟ್ಟುಬಿಡಿ.

ಹಾಗಾದರೆ ಹೊಟ್ಟೆ ತುಂಬಿಸುವುದು ಯಾವುದರಿಂದ? ಸಬ್ಬಕ್ಕಿ, ಕೂವೆಹಿಟ್ಟು, ಕಾರ್ನ್‌ಫ್ಲೋರ್, ತುಪ್ಪ, ಎಣ್ಣೆ, ಸಕ್ಕರೆ. ಇವುಗಳಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಒಂದು ಎಚ್ಚರಿಕೆ: ಅಂಗಡಿಯ ಬಿಳಿ ಕಾರ್ನ್‌ಫ್ಲೋರ್ ಬರೀ ಪಿಷ್ಟ, ಮೆಕ್ಕೆಜೋಳದ ಹಳದಿ ಹಿಟ್ಟು ಬೇರೆ. ಹೆಸರು ಒಂದೇ ಥರ ಕೇಳಿಸಿದರೂ ಹಳದಿ ಹಿಟ್ಟಿನಲ್ಲಿ ಪ್ರೋಟೀನ್ ಅಕ್ಕಿಗೆ ಸಮ. ಶ್ಯಾವಿಗೆಯನ್ನು ನೋಡಿ ಸಬ್ಬಕ್ಕಿಯ ಅಣ್ಣ ಅಂದುಕೊಳ್ಳಬೇಡಿ, ಅದು ಗೋಧಿ.

ನಮ್ಮ ಮನೆಯ ರೊಟ್ಟಿ ಹೇಳುತ್ತೇನೆ. 50 ಗ್ರಾಂ ಸಬ್ಬಕ್ಕಿಯನ್ನು ಹುರಿದು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಅದಕ್ಕೆ 50 ಗ್ರಾಂ ಕಾರ್ನ್‌ಫ್ಲೋರ್ ಅಥವಾ ಕೂವೆಹಿಟ್ಟು, ಬೇಯಿಸಿ ಹಿಸುಕಿದ 50 ಗ್ರಾಂ ಆಲೂಗಡ್ಡೆ, ಒಂದು ಚಮಚ ಇಸಬ್‌ಗೋಲ್, ಜೀರಿಗೆ, ಉಪ್ಪು. ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಸೌಟಿನಲ್ಲಿ ಕಲಸಿ, ಕೈಗೆ ಬಿಸಿ ತಾಳುವಂತಾದ ಮೇಲೆ ಎಣ್ಣೆ ಹಚ್ಚಿಕೊಂಡು ನಾದಿ. ಬಾಳೆಲೆ ಮೇಲೆ ಅಕ್ಕಿರೊಟ್ಟಿಯಂತೆ ತಟ್ಟಿ ಕಾವಲಿಗೆ ಹಾಕಿ. ಮೂರು ರೊಟ್ಟಿ ಆಗುತ್ತದೆ, ಒಂದೊಂದಕ್ಕೂ ಪ್ರೋಟೀನ್ ಕಾಲು ಗ್ರಾಂಗೆ ಸ್ವಲ್ಪ ಮೇಲೆ. ಆರಿದರೆ ರಬ್ಬರಿನಂತಾಗುತ್ತದೆ, ಬಿಸಿಯಿದ್ದಾಗಲೇ ಬಡಿಸಿ.

ಅನ್ನಕ್ಕೆ ಒಂದು ಉಪಾಯ. ಮಗುವಿನ ಅಕ್ಕಿಯನ್ನು ಹಸಿಯಾಗಿದ್ದಾಗಲೇ ತೂಗಿ, ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮನೆಮಂದಿಯ ಅನ್ನದ ಕುಕ್ಕರ್‌ನಲ್ಲೇ ಇಟ್ಟುಬಿಡಿ. ಬೆಂದ ಅನ್ನ ತೂಗಿದರೆ ಒಂದು ದಿನ ಮೆದು, ಒಂದು ದಿನ ಉದುರು, ಲೆಕ್ಕ ತಪ್ಪುತ್ತದೆ.

6 ಗ್ರಾಂ ಮಿತಿಯ ಒಂದು ದಿನ ನಮ್ಮಲ್ಲಿ ಹೀಗಿರುತ್ತದೆ. ಬೆಳಿಗ್ಗೆ 40 ಗ್ರಾಂ ಸಬ್ಬಕ್ಕಿ, 30 ಗ್ರಾಂ ಆಲೂಗಡ್ಡೆಯ ಉಪ್ಪಿಟ್ಟು, ಕಡಲೆಕಾಯಿ ಇಲ್ಲದೆ: ಅರ್ಧ ಗ್ರಾಂ. ಮಧ್ಯಾಹ್ನ 25 ಗ್ರಾಂ ಅಕ್ಕಿಯ ಅನ್ನ 2 ಗ್ರಾಂ, ಬೇಳೆ ಹಾಕದ ಹುಣಸೆಹಣ್ಣಿನ ಸಾರು ಮತ್ತು ಸೋರೆಕಾಯಿ ಪಲ್ಯ ಸೇರಿ ಇನ್ನೊಂದು ಅರ್ಧ, ಮೇಲೆ ಧಾರಾಳ ತುಪ್ಪ. ಸಂಜೆ ಪುಟ್ಟ ಬಾಳೆಹಣ್ಣು, ಅರ್ಧಕ್ಕೆ ತುಸು ಜಾಸ್ತಿ. ರಾತ್ರಿ 20 ಗ್ರಾಂ ಹಿಟ್ಟಿನ ಅಕ್ಕಿರೊಟ್ಟಿ 1.6, ಬದನೆಕಾಯಿ ಪಲ್ಯ 0.7. ಕೂಡಿದರೆ 6ರ ಒಳಗೆ. ಹಸಿವಾದರೆ ಮೇಲಿನ ಸಬ್ಬಕ್ಕಿ ರೊಟ್ಟಿ ಇದ್ದೇ ಇದೆ, ಅದರ ಕಾಲು ಗ್ರಾಂ ಮಾತ್ರ ಮರೆಯದೆ ಬರೆದುಕೊಳ್ಳಿ. ಹಣ್ಣು, ಕೆಲವು ತರಕಾರಿಗಳನ್ನು ಲೆಕ್ಕಕ್ಕೇ ಹಿಡಿಯದ ಕ್ಲಿನಿಕ್‌ಗಳೂ ಇವೆ. ನಿಮ್ಮ ಡಯಟಿಷಿಯನ್ ಯಾವ ರೀತಿ ಹೇಳುತ್ತಾರೋ ಅದೊಂದನ್ನೇ ಹಿಡಿಯಿರಿ. ಎರಡು ಪದ್ಧತಿ ಬೆರೆಸಿದರೆ ಎರಡೂ ಕೆಡುತ್ತವೆ.

ಡಬ್ಬಿ, ಪ್ಯಾಕೆಟ್ ಕೊಳ್ಳುವಾಗ ಆಸ್ಪರ್ಟೇಮ್ ಎಂಬ ಹೆಸರು ಅಥವಾ 951 ಎಂಬ ಸಂಖ್ಯೆ ಹುಡುಕಿ. ಆ ಸಿಹಿಕಾರಕದೊಳಗೇ ಫಿ ಇದೆ. ಡಯಟ್ ಕೋಲಾ, ಚ್ಯೂಯಿಂಗ್ ಗಮ್ ಅಷ್ಟೇ ಅಲ್ಲ, ಮಕ್ಕಳ ಕೆಲವು ಸಿರಪ್, ಚೀಪುವ ಮಾತ್ರೆಗಳಲ್ಲೂ ಇರುತ್ತದೆ. ಔಷಧಿ ಅಂಗಡಿಯವರಿಗೆ ಹೇಳಿ ಲೇಬಲ್ ಓದಿಸಿ.

ಅಜ್ಜಿ, ಹಬ್ಬ, ಶಾಲೆ

‘ಒಂದು ತುತ್ತು ಮೊಸರನ್ನ ಹಾಕಿದ್ರೆ ಏನಾಗತ್ತಮ್ಮಾ, ಮಗು ಬಾಯಿ ಬಿಡ್ತಾ ನಿಂತಿದೆ.’ ನಮ್ಮತ್ತೆಯ ಮಾತು. ಜಗಳ ಆಡಿ ನೋಡಿದೆ, ಡಾಕ್ಟರ್ ಕೈಲಿ ಹೇಳಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ತಕ್ಕಡಿ ಮತ್ತು ಲೆಕ್ಕದ ಪುಸ್ತಕವನ್ನೇ ಅವರ ಕೈಗೆ ಕೊಟ್ಟೆ. ಈಗ ನಾನು ಅರ್ಧ ಗ್ರಾಂ ಹೆಚ್ಚು ಹಾಕಿದರೂ ಅವರೇ ಗದರುತ್ತಾರೆ. ಕದ್ದು ತಿನ್ನಿಸುವವರನ್ನು ಲೆಕ್ಕ ಬರೆಯುವವರನ್ನಾಗಿ ಮಾಡಿ. ನನಗೆ ಗೊತ್ತಿರುವ ದಾರಿ ಇದೊಂದೇ.

ಹಬ್ಬಗಳಲ್ಲಿ ನಮ್ಮ ಅಡುಗೆ ಅರ್ಧ ಕೈಹಿಡಿಯುತ್ತದೆ. ರಾಮನವಮಿಯ ಪಾನಕ ಸರಿ, ಕೋಸಂಬರಿ ಮಜ್ಜಿಗೆ ಬೇಡ. ಯುಗಾದಿಯ ಬೇವುಬೆಲ್ಲ ಸರಿ, ಹೋಳಿಗೆ ಬೇಡ. ಸಂಕ್ರಾಂತಿಗೆ ಎಳ್ಳು, ಕಡಲೆಬೀಜ, ಹುರಿಗಡಲೆ ಮೂರೂ ಬೇಡ. ಸಕ್ಕರೆ ಅಚ್ಚು, ಕಬ್ಬು ಬೇಕಾದಷ್ಟು.

ಶಾಲೆ, ಅಂಗನವಾಡಿಗಳಲ್ಲಿ ಹಾಲು, ಮೊಟ್ಟೆ, ಚಿಕ್ಕಿ ಹಂಚುತ್ತಾರೆ. ಟೀಚರಿಗೆ ಬಾಯಿಮಾತಿನಲ್ಲಿ ಹೇಳಿದರೆ ಬದಲಿ ಟೀಚರ್ ಬಂದ ದಿನ ತಪ್ಪುತ್ತದೆ. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಅಡುಗೆಯವರಿಗೂ ಒಂದು ಪ್ರತಿ ಕೊಡಿ. ‘ಅಲರ್ಜಿ’ ಅಂತ ಬರೆಯಬೇಡಿ. ತಿಂದ ಕೂಡಲೇ ಏನೂ ಆಗದ್ದನ್ನು ನೋಡಿ ನಂಬಿಕೆ ಹೋಗುತ್ತದೆ.

ರಕ್ತದ ಕಾರ್ಡ್

ಮೊದಲ ವರ್ಷ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಪರೀಕ್ಷೆ ಇರುತ್ತದೆ. ಸೋಸುಕಾಗದದ ಕಾರ್ಡಿನ ವೃತ್ತಗಳ ಮೇಲೆ ರಕ್ತದ ಹನಿ. ಯಾವಾಗಲೂ ಒಂದೇ ಹೊತ್ತಿಗೆ ತೆಗೆಯಿರಿ, ಬೆಳಗಿನ ಫಾರ್ಮುಲಾಕ್ಕೆ ಮೊದಲಾದರೆ ಒಳ್ಳೆಯದು. ವೃತ್ತ ಒಂದೇ ಹನಿಯಲ್ಲಿ ತುಂಬಬೇಕು, ಹಿಂಬದಿಗೂ ಇಳಿಯಬೇಕು. ಮೂರು ನಾಲ್ಕು ಗಂಟೆ ನೆರಳಲ್ಲಿ, ಮಟ್ಟಸವಾಗಿಟ್ಟು ಒಣಗಿಸಿ. ಬಿಸಿಲು, ಹೇರ್ ಡ್ರೈಯರ್ ಬೇಡ. ಮಳೆಗಾಲದಲ್ಲಿ ಇನ್ನೂ ಹೊತ್ತು ಬಿಡಿ. ಕಾರ್ಡ್ ಕಳಿಸುವ ಹಿಂದಿನ ಮೂರು ದಿನ ತಿಂದದ್ದನ್ನೆಲ್ಲ ಬರೆದಿಡಿ, ಕದ್ದು ತಿಂದದ್ದನ್ನೂ. ಆ ಪುಸ್ತಕ ಇಲ್ಲದಿದ್ದರೆ ವರದಿಯ ಅಂಕಿಯಿಂದ ಡಯಟಿಷಿಯನ್‌ಗೆ ಏನೂ ತಿಳಿಯುವುದಿಲ್ಲ.

ಜ್ವರ ಬಂದ ದಿನ

‘ಲಂಘನಂ ಪರಮೌಷಧಂ’ ಎಂಬ ಮಾತನ್ನು ಈ ಮಕ್ಕಳ ಮಟ್ಟಿಗೆ ಮರೆತುಬಿಡಿ. ಉಪವಾಸ ಬಿದ್ದರೆ ಮೈ ಕರಗುತ್ತದೆ, ಫಿ ಏರುತ್ತದೆ. ಸಕ್ಕರೆ ನೀರು, ಪಾನಕ, ಸಬ್ಬಕ್ಕಿ ಗಂಜಿ ಅಂತ ಗಂಟೆಗೊಮ್ಮೆ ಗುಟುಕು ಕೊಡುತ್ತಾ, ಫಾರ್ಮುಲಾವನ್ನೂ ಸ್ವಲ್ಪ ಸ್ವಲ್ಪ ಮುಂದುವರಿಸಿ. ಪಿಕೆಯುನಲ್ಲಿ ಒಂದೆರಡು ದಿನ ಅಂಕಿ ಏರಿಳಿದರೆ ಜೀವಕ್ಕೆ ಅಪಾಯವಿಲ್ಲ.

ಮೇಪಲ್ ಸಿರಪ್ ಕಾಯಿಲೆ, ಪ್ರೋಟೀನ್ ಒಡೆಯುವುದರಲ್ಲೇ ತೊಂದರೆಯಿರುವ ಆರ್ಗ್ಯಾನಿಕ್ ಅಸಿಡೀಮಿಯಾ, ಯೂರಿಯಾ ಸೈಕಲ್ ದೋಷದಂಥ ಕಾಯಿಲೆ ಇರುವ ಮಕ್ಕಳಿಗೆ ಮಾತ್ರ ಇದೇ ಜ್ವರ ತುರ್ತುಸ್ಥಿತಿ. ಅವರಿಗೆ ಪ್ರೋಟೀನ್ ಸ್ವಲ್ಪ ಹೊತ್ತು ನಿಲ್ಲಿಸಿ, ಗ್ಲೂಕೋಸ್ ಪಾಲಿಮರ್ ಪಾನೀಯ ಕೊಡುವ ಲಿಖಿತ ಯೋಜನೆಯನ್ನು ಕ್ಲಿನಿಕ್ ಮೊದಲೇ ಕೊಟ್ಟಿರಬೇಕು. ಪ್ರೋಟೀನ್ ಎಷ್ಟು ಹೊತ್ತು ನಿಲ್ಲಿಸಬೇಕು, ಯಾವಾಗ ಮತ್ತೆ ಶುರುಮಾಡಬೇಕು ಎಂಬುದೂ ಅದರಲ್ಲಿರಬೇಕು. ಕೊಟ್ಟಿರದಿದ್ದರೆ ನಾಳೆಯೇ ಹೋಗಿ ಬರೆಸಿಕೊಳ್ಳಿ. ಕುಡಿದದ್ದು ವಾಂತಿಯಾಗುತ್ತಿದ್ದರೆ, ಮಗು ಮಂಕಾಗಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಆ ಪತ್ರದ ಒಂದು ಪ್ರತಿ ಫ್ರಿಜ್ಜಿನ ಮೇಲೆ, ಒಂದು ಪರ್ಸಿನಲ್ಲಿ, ಒಂದು ಫೋನಿನಲ್ಲಿ ಇರಲಿ. ರಾತ್ರಿ ಪಾಳಿಯ ಡಾಕ್ಟರ್ ಈ ಕಾಯಿಲೆ ನೋಡಿರದಿರಬಹುದು, ಪತ್ರ ನೋಡಿ ಡ್ರಿಪ್ ಹಾಕುತ್ತಾರೆ.

ದುಡ್ಡು ಮತ್ತು ಕಾಗದಪತ್ರ

ಫಾರ್ಮುಲಾ ದುಬಾರಿ. ಕೇಂದ್ರ ಸರ್ಕಾರದ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಪಿಕೆಯು, ಮೇಪಲ್ ಸಿರಪ್ ಕಾಯಿಲೆ, ಗ್ಯಾಲಕ್ಟೋಸೀಮಿಯಾ ಮುಂತಾದ ವಿಶೇಷ ಆಹಾರದ ಕಾಯಿಲೆಗಳು ಎರಡನೇ ಗುಂಪಿನಲ್ಲಿವೆ. ನೆರವು ಬರುವುದು ಗೊತ್ತುಪಡಿಸಿದ ಕೇಂದ್ರಗಳ ಮೂಲಕ. ಕರ್ನಾಟಕದಲ್ಲಿ ಆ ಹೊಣೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಹಾಗೂ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯದು. 2022ರಲ್ಲಿ ಒಬ್ಬ ರೋಗಿಗೆ ನೆರವಿನ ಮಿತಿಯನ್ನು 50 ಲಕ್ಷಕ್ಕೆ ಏರಿಸಿದರು. ಕಾಯಿಲೆ ಖಚಿತವಾದ ಕೂಡಲೇ ಹೆಸರು ನೋಂದಾಯಿಸಿ, ಆಮೇಲೆ ನೋಡೋಣ ಅಂತ ಬಿಡಬೇಡಿ.

ಹೊರದೇಶದಿಂದ ತರಿಸುವುದಾದರೆ, ಈ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಸ್ವಂತ ಬಳಕೆಗೆ ತರಿಸುವ ಔಷಧಿ ಮತ್ತು ವಿಶೇಷ ಆಹಾರಕ್ಕೆ 2023ರ ಏಪ್ರಿಲ್ 1ರಿಂದ ಮೂಲ ಆಮದು ಸುಂಕವಿಲ್ಲ. ಅದಕ್ಕೆ ಜಿಲ್ಲಾ ವೈದ್ಯಾಧಿಕಾರಿ ಅಥವಾ ಸಿವಿಲ್ ಸರ್ಜನ್ ಪ್ರಮಾಣಪತ್ರ ಬೇಕು. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತ ಮೇಲೆ ಓಡಾಡುವುದಕ್ಕಿಂತ ಮೊದಲೇ ಮಾಡಿಸಿಟ್ಟುಕೊಳ್ಳಿ. ಮನೆಯಲ್ಲಿ ಯಾವಾಗಲೂ ಒಂದು ತಿಂಗಳ ಡಬ್ಬಿ ಹೆಚ್ಚಿಗೆ ಇರಲಿ.

ಮುಂದಿನ ಮಗು, ಬೆಳೆದ ಮಗಳು

ತಂದೆತಾಯಿ ಇಬ್ಬರೂ ದೋಷವಿರುವ ಜೀನ್‌ನ ಒಂದೊಂದು ಪ್ರತಿ ಹೊತ್ತಿದ್ದಾಗ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲನೆಯದಕ್ಕೆ ಬಂತು, ಇನ್ನು ಮೂರು ಮಕ್ಕಳಿಗೆ ಬರಲ್ಲ ಅಂತ ಅರ್ಥವಲ್ಲ. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾದ ಕುಟುಂಬಗಳಲ್ಲಿ ಇಬ್ಬರಲ್ಲೂ ಅದೇ ಜೀನ್ ಇರುವ ಸಂಭವ ಹೆಚ್ಚು. ಮಗುವಿನ ಜೀನ್ ಪರೀಕ್ಷೆಯ ವರದಿ ಕೈಯಲ್ಲಿದ್ದರೆ ಮುಂದಿನ ಬಸಿರಿನ ಮೊದಲ ತಿಂಗಳುಗಳಲ್ಲೇ ಪರೀಕ್ಷಿಸಬಹುದು, ಆದ್ದರಿಂದ ಆ ವರದಿ ಜೋಪಾನ. ಪರೀಕ್ಷೆ ಬೇಡವೆಂದರೂ ಹೆರಿಗೆ ಆಸ್ಪತ್ರೆಗೆ ಮೊದಲೇ ತಿಳಿಸಿ, ಕೂಸಿನ ಹಿಮ್ಮಡಿಯ ರಕ್ತವನ್ನು ಎರಡು ಮೂರನೇ ದಿನಕ್ಕೇ ಕಳಿಸಿ. ನವಜಾತ ತಪಾಸಣೆ ನಮ್ಮಲ್ಲಿ ಎಲ್ಲ ಆಸ್ಪತ್ರೆಗಳಲ್ಲೂ ತಾನಾಗಿ ಆಗುವುದಿಲ್ಲ.

ಪಿಕೆಯು ಇರುವ ಹೆಣ್ಣುಮಗಳಿಗೆ ಅವಳು ದೊಡ್ಡವಳಾಗುವ ಹೊತ್ತಿಗೆ ಹೇಳಿಕೊಡಬೇಕಾದ್ದು ಒಂದಿದೆ. ಅವಳ ರಕ್ತದಲ್ಲಿ ಫಿ ಹೆಚ್ಚಿದ್ದಾಗ ಬಸಿರಾದರೆ, ಕೂಸಿಗೆ ಪಿಕೆಯು ಇಲ್ಲದಿದ್ದರೂ ಅದರ ಮೆದುಳು, ಹೃದಯಕ್ಕೆ ಹಾನಿಯಾಗುತ್ತದೆ. ಬಸಿರಿಗೆ ಮೊದಲೇ ಮಟ್ಟವನ್ನು 120ರಿಂದ 360ರೊಳಗೆ ತಂದುಕೊಂಡು, ಹೆರಿಗೆಯವರೆಗೂ ಅಲ್ಲೇ ಇಟ್ಟುಕೊಳ್ಳಬೇಕು. ಹಾಗೆ ಇಟ್ಟುಕೊಂಡ ತಾಯಂದಿರಿಗೆ ಆರೋಗ್ಯವಂತ ಮಕ್ಕಳು ಹುಟ್ಟಿವೆ. ನನ್ನ ಮಗಳಿಗೆ ಇದನ್ನು ಹೇಳಲು ಇನ್ನೂ ವರ್ಷಗಳಿವೆ. ಸದ್ಯಕ್ಕೆ ಅವಳು ತಕ್ಕಡಿಯನ್ನು ಸೊನ್ನೆಗೆ ತಂದು, ತನ್ನ 25 ಗ್ರಾಂ ಅಕ್ಕಿ ತಾನೇ ಸುರಿದುಕೊಳ್ಳುತ್ತಾಳೆ. 26 ಬಂದರೆ ಮೂರು ನಾಲ್ಕು ಕಾಳು ಎತ್ತಿ ಅಜ್ಜಿಯ ಮುಖ ನೋಡುತ್ತಾಳೆ.